ಬೋಲ್ಟು ಕಳೆದಾಕಿ

ಮಖ್ತಲ್‌ನ ರಾಯಚೂರು ರಸ್ತೆಯಲ್ಲಿ ಹಳೆಯ ವರ್ಕ್‌ಶಾಪಿನವರಲ್ಲಿ ಯಾರನ್ನಾದರೂ ನಿಲ್ಲಿಸಿ, ಮಾಗನೂರಿನ ಉರುಕುಂದಮ್ಮ ಗೊತ್ತೇ ಎಂದು ಕೇಳಿ ನೋಡಿ. "ಯಾರು, ರಾಘು ಆಚಾರ್ರ ಷೆಡ್ಡಿನಾಗ ಬೋಲ್ಟು ಕಳೆದಾಕೀನಾ?" ಎನ್ನುತ್ತಾರೆ. ಕೆಲವರು ಹಾಗೆನ್ನುವಾಗ ಒಂದು ಕಣ್ಣು ಸಣ್ಣದು ಮಾಡುತ್ತಾರೆ, ಅಂದರೆ ಮಾರಿಕೊಂಡಾಕಿ ಎಂದು ಅರ್ಥ. ಹದಿನಾಲ್ಕು ವರ್ಷದಿಂದ ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿದಿದೆ. ಹದಿನಾಲ್ಕು ವರ್ಷವೂ ಬಾಯಿ ಮುಚ್ಚಿಕೊಂಡೇ ಕೇಳಿದ್ದೇನೆ. ಆ ರಾಘು ಆಚಾರ್ರು ನಾನೇ. ಆಕೆಯ ಹೆಸರು ಕೆಡಿಸಿದವನೂ ನಾನೇ. ಇವತ್ತು ಬಾಯಿ ಬಿಡುತ್ತೇನೆ, ಇಷ್ಟು ದಿನ ಯಾಕೆ ಬಿಡಲಿಲ್ಲ ಎನ್ನುವುದನ್ನೂ ಹೇಳುತ್ತೇನೆ.

ನಮ್ಮದು ಪೂಜೆಯ ಮನೆತನ. ಅಜ್ಜ ನಿಜಾಮರ ಕಾಲದಲ್ಲಿ ತಹಸೀಲು ಕಚೇರಿಯ ಪೇಶ್‌ಕಾರ, ಅಪ್ಪ ಜೀವಮಾನವಿಡೀ ಆಂಜನೇಯನ ಗುಡಿಯಲ್ಲಿ ಪೂಜೆ ಮಾಡಿದವರು. ನಾನು ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದು ಕಬ್ಬಿಣ ಕೊಯ್ಯಲು ಕುಳಿತೆ. ಗಂಟೆ ಬಾರಿಸಬೇಕಾದವ ಗ್ರೈಂಡರ್ ಬಾರಿಸುತ್ತಾನೆ ಎಂದು ಓಣಿಯವರು ನಕ್ಕರು. ಕಬ್ಬಿಣ ಕೊಯ್ಯುವ ಆಚಾರಿಗೆ ಹೆಣ್ಣು ಕೊಡುವವರೂ ಸಿಗಲಿಲ್ಲ. ಟ್ರ್ಯಾಕ್ಟರ್ ಟ್ರಾಲಿ, ಕಲ್ಟಿವೇಟರ್, ಗೇಟು, ಕಿಟಕಿಯ ಸರಳು, ಇವೆಲ್ಲ ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು. ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ರೇಸ್ ಕಾರು ಕಟ್ಟುವುದು, ಕಟ್ಟಿದ್ದನ್ನು ಹೈದರಾಬಾದಿನ ಹೊರಗೆ ವರ್ಷಕ್ಕೆರಡು ಸಲ ನಡೆಯುತ್ತಿದ್ದ ಪಂದ್ಯಕ್ಕೆ ಒಯ್ದು ನಾನೇ ಓಡಿಸುವುದು. ಅಂಥ ಕಾರೆಂದರೆ ಉಕ್ಕಿನ ಪೈಪಿನ ಒಂದು ಪಂಜರ, ಅದರೊಳಗೆ ಹಳೆಯ ಜೀಪಿನದೋ ಜಿಪ್ಸಿಯದೋ ಎಂಜಿನ್ನು, ಒಂದು ಸೀಟು. ಕಾರು ಉರುಳಿದರೆ ಒಳಗಿದ್ದವನನ್ನು ಕಾಯುವುದು ಆ ಪೈಪು ಮತ್ತು ಅದನ್ನು ಹಿಡಿದಿರುವ ಬೋಲ್ಟು ಮಾತ್ರ. ಆದ್ದರಿಂದ ಎಲ್ಲ ವಿದ್ಯೆಗಿಂತ ಮೊದಲ ವಿದ್ಯೆ, ಒಳ್ಳೆಯ ಪೈಪು ಯಾವುದು ಎಂದು ಗುರುತಿಸುವುದು. ಅದು ನನಗೆ ಗೊತ್ತಿದೆ ಎಂದು ನಾನು ತಿಳಿದಿದ್ದೆ.

ಉರುಕುಂದಮ್ಮ ನಮ್ಮ ಷೆಡ್ಡಿಗೆ ಬಂದದ್ದು ಎರಡು ಸಾವಿರದ ಮೂರರಲ್ಲಿ. ಆಗ ನಾರಾಯಣಪೇಟೆ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಪಾಲಮೂರು ಜಿಲ್ಲೆಯವರು. ಆಕೆಯ ಗಂಡ ಆಶಪ್ಪ ನಡು ನೋಯಿಸಿಕೊಂಡು ಕೊಯಮತ್ತೂರಿನಿಂದ ಊರಿಗೆ ಮರಳಿದ್ದ. ಕಾವಲುಗಾರನ ಕೆಲಸ ಇದೆಯೇ ಎಂದು ಕೇಳಲು ಬಂದಿದ್ದ. ಆಕೆ ಅವನ ಹಿಂದೆ ನಿಂತಿದ್ದಳು. ಅದೇ ಹೊತ್ತಿಗೆ ಹೈದರಾಬಾದಿನಿಂದ ನನ್ನ ಪೈಪು ಇಳಿಯುತ್ತಿತ್ತು. ನಾನು ಆಶಪ್ಪನ ಜೊತೆ ಮಾತಾಡುತ್ತಿದ್ದಾಗ ಹಿಂದಿನಿಂದ ಟಣ್ ಟಣ್ ಸದ್ದು ಬಂತು. ತಿರುಗಿ ನೋಡಿದರೆ ಈಕೆ ನನ್ನ ಸ್ಪ್ಯಾನರ್ ತಗೊಂಡು ಒಂದೊಂದೇ ಪೈಪು ಬಡಿದು ಕಿವಿಗೊಟ್ಟು ಕೇಳುತ್ತಿದ್ದಾಳೆ. ನಲವತ್ತೆಂಟು ವರ್ಷದ ಹೆಂಗಸು, ಕಚ್ಚೆ ಸೀರೆ, ಹಣೆಯಲ್ಲಿ ದೊಡ್ಡ ಕುಂಕುಮ.

"ಇದರಾಗ ಮೂರು ಬ್ಯಾರೆ ತಾಯಿ ಮಕ್ಕಳು ಅದಾವ್ರಿ," ಎಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜೇಬಿನಿಂದ ಕಂಪನಿಯ ಸರ್ಟಿಫಿಕೇಟ್ ತೆಗೆದು ಮುಖಕ್ಕೆ ಹಿಡಿದೆ. ಆಕೆಗೆ ಓದು ಬರುತ್ತಿರಲಿಲ್ಲ. ಆದರೂ ಗೌರವದಿಂದಲೇ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಕಾಗದ ಲಾರಿ ಜೊತಿ ಬಂದೈತ್ರಿ, ಪೈಪಿನ ಜೊತಿ ಬಂದಿಲ್ಲ," ಎಂದಳು. ಆಮೇಲೆ ಮೂರು ಪೈಪು ಪಕ್ಕಕ್ಕೆ ಎಳೆಸಿ, ಪ್ರತಿಯೊಂದರ ತುದಿಯಿಂದ ಬಳೆಯಷ್ಟಗಲದ ತುಂಡು ಕೊಯ್ಯಿಸಿದಳು. ಆ ಬಳೆಗಳನ್ನು ಬೆಂಚಿನ ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತ ಹೋದಳು. ಒಳ್ಳೆಯ ಪೈಪಿನ ಬಳೆ ರೊಟ್ಟಿ ಮಡಿಚಿದ ಹಾಗೆ ಚಪ್ಪಟೆಯಾಗಬೇಕು, ಬಿರಿಯಬಾರದು. ಮೂರರಲ್ಲಿ ಎರಡು ಬೆಸುಗೆಯ ಗೆರೆಗುಂಟ ಬಾಯಿ ಬಿಟ್ಟವು. ಬೆಸುಗೆಯೇ ಇಲ್ಲದ ಪೈಪು ಎಂದು ಬರೆದು ಕೊಟ್ಟಿದ್ದರು ಮಹಾನುಭಾವರು. ಆಶಪ್ಪನಿಗೆ ಕಾವಲಿನ ಕೆಲಸ ಸಿಕ್ಕಿತು, ಉರುಕುಂದಮ್ಮನಿಗೆ ಸ್ಟೋರಿನ ಕೀಲಿಕೈ ಸಿಕ್ಕಿತು.

ಆಕೆಯ ಕಥೆ ನನಗೆ ತುಣುಕು ತುಣುಕಾಗಿ ತಿಳಿಯಿತು. ತಾಯಿಗೆ ಬಹಳ ವರ್ಷ ಮಕ್ಕಳಾಗದೆ ಉರುಕುಂದಿ ಈರಣ್ಣನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು, ಅದಕ್ಕೇ ಆ ಹೆಸರು. ಮದುವೆಯಾದ ಮೇಲೆ ಗಂಡನ ಜೊತೆ ಮಣ್ಣಿನ ಕೆಲಸದ ಗುಂಪಿನಲ್ಲಿ ಊರೂರು ತಿರುಗಿ, ಕೊಯಮತ್ತೂರಿನಲ್ಲಿ ಒಂದು ಷೆಡ್ಡು ಕಟ್ಟುವ ಕೆಲಸಕ್ಕೆ ಸೇರಿದರು. ಷೆಡ್ಡು ಎದ್ದ ಮೇಲೆ ಅದರಲ್ಲಿ ರೇಸ್ ಕಾರು ಕಟ್ಟುವವರು ಬಂದರು. ಗುಂಪು ಮುಂದಕ್ಕೆ ಹೋಯಿತು, ಇವರಿಬ್ಬರು ಉಳಿದರು. ಆಕೆಯದು ಕಸ ಗುಡಿಸುವ ಕೆಲಸ. ಗುಡಿಸುವಾಗ ಸಿಕ್ಕ ಬೋಲ್ಟು ನಟ್ಟುಗಳನ್ನು ಕಸಕ್ಕೆ ಹಾಕದೆ ಅಳತೆಯಂತೆ ಬೇರೆ ಬೇರೆ ಡಬ್ಬಿಗೆ ಹಾಕಿಡುತ್ತಿದ್ದಳು. ಅಲ್ಲಿನ ಹಿರಿಯ ಮೇಸ್ತ್ರಿ ಒಂದು ದಿನ ಡಬ್ಬಿ ನೋಡಿ, ಅಳತೆಯಷ್ಟೇ ಅಲ್ಲ, ಗಟ್ಟಿಯದು ಬೇರೆ, ಮೆತ್ತನೆಯದು ಬೇರೆ ಮಾಡಿದ್ದಾಳೆಂದು ಕಂಡು ದಂಗಾದನಂತೆ. ಅದು ಹೇಗೆ ಗೊತ್ತಾಯಿತೆಂದು ಕೇಳಿದರೆ, ಸಂತೆಯಲ್ಲಿ ಗಡಿಗೆ ಬಡಿದು ತಗೊಳ್ಳುವುದಿಲ್ಲವೇ, ಹಾಗೇ ಎಂದಳಂತೆ. ಹನ್ನೊಂದು ವರ್ಷ ಆ ಮೇಸ್ತ್ರಿ ಆಕೆಗೆ ಕಲಿಸಿದ.

ಅವಳಿಂದ ನಾನು ಕಲಿತೆ. ಪೈಪನ್ನು ದಾರದಲ್ಲಿ ತೂಗಿಬಿಟ್ಟು ಬಡಿಯುತ್ತಿದ್ದಳು. ಒಳಗೆ ಸೀಳಿದ್ದರೆ ದನಿ ಬೇಗ ಸಾಯುತ್ತದೆ. ಶಾಬಾದಿ ಕಲ್ಲಿನ ನೆಲದ ಮೇಲೆ ಉರುಳಿಸಿ ಅಡಿಯಿಂದ ಬೆಳಕು ತೂರುತ್ತದೆಯೇ ಎಂದು ಮಂಡಿಯೂರಿ ನೋಡುತ್ತಿದ್ದಳು. ಬಾಯಿಯೊಳಗೆ ಕಿರುಬೆರಳು ಹಾಕಿ ಸುತ್ತ ಆಡಿಸಿ, ಗೋಡೆ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇದ್ದರೆ ಹೇಳುತ್ತಿದ್ದಳು. ಅಳತೆ ಮಾಡಿ ನೋಡಿದರೆ ಕೂದಲೆಳೆಯಷ್ಟೇ ವ್ಯತ್ಯಾಸ ಇರುತ್ತಿತ್ತು, ಆದರೆ ಇರುತ್ತಿತ್ತು. ಗ್ರೈಂಡರಿಗೆ ಹಿಡಿದು ಕಿಡಿ ನೋಡುತ್ತಿದ್ದಳು: ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ಹಾರಿ ಆರುತ್ತದೆ, ಗಟ್ಟಿ ಉಕ್ಕಿನದು ತುದಿಯಲ್ಲಿ ಕವಲೊಡೆಯುತ್ತದೆ. ಬೋಲ್ಟಿನ ತಿರುಪಿನ ಎಳೆಗಳ ಮೇಲೆ ಉಗುರು ಎಳೆದು, ಇದು ಒತ್ತಿ ಮಾಡಿದ್ದು, ಇದು ಕೊರೆದು ಮಾಡಿದ್ದು ಎನ್ನುತ್ತಿದ್ದಳು. ಓದು ಬಾರದಿದ್ದರೂ ಬೋಲ್ಟಿನ ತಲೆಯ ಮೇಲಿನ, ಗಟ್ಟಿತನ ಹೇಳುವ ಅಂಕಿ ಗೊತ್ತಿತ್ತು. ಆಕೆ ಬೇಡವೆಂದ ಸಾಮಾನನ್ನು ನಾನು ಗೇಟಿಗೂ ಬಳಸುತ್ತಿರಲಿಲ್ಲ. ಆ ಎಂಟು ವರ್ಷದಲ್ಲಿ ಎರಡು ಸಲ ಕಾರು ಉರುಳಿಸಿದ್ದೇನೆ. ಎರಡು ಸಲವೂ ಮೈ ಕೊಡವಿಕೊಂಡು ಎದ್ದು ಬಂದಿದ್ದೇನೆ.

ಈಗ ಅಮ್ಮನ ವಿಷಯ ಹೇಳಬೇಕು. ನನ್ನ ತಾಯಿ ಪದ್ಮಾಬಾಯಿ ಮಡಿಯಲ್ಲಿ ಬಲು ಕಟ್ಟುನಿಟ್ಟು. ಷೆಡ್ಡು ಮನೆಯ ಹಿತ್ತಿಲಿಗೆ ಅಂಟಿಕೊಂಡೇ ಇದ್ದರೂ ಮೊದಲ ವರ್ಷ ಉರುಕುಂದಮ್ಮನನ್ನು ಹೊಸ್ತಿಲ ಹತ್ತಿರ ಬರಗೊಡಲಿಲ್ಲ. ಎರಡನೆಯ ವರ್ಷ ಗದ್ವಾಲದಲ್ಲಿ ಹಿತ್ತಾಳೆ ಕೊಡ ಕೊಳ್ಳುವುದಿತ್ತು. ನಾನು ಬರಲಾರೆ ಎಂದು ಉರುಕುಂದಮ್ಮನನ್ನು ಜೊತೆಗೆ ಕಳಿಸಿದೆ. ಅಂಗಡಿಯಲ್ಲಿ ಅಮ್ಮ ಆರಿಸಿದ ಕೊಡವನ್ನು ಈಕೆ ಬಡಿದು ನೋಡಿ ಬೇಡವೆಂದಳಂತೆ. ಅಂಗಡಿಯವ ರೇಗಿದನಂತೆ. ನೀರು ತುಂಬಿಸಿ ಇಟ್ಟರೆ ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ಎಳ್ಳಿನಷ್ಟು ಹನಿ ಕಂಡಿತಂತೆ. ಅವತ್ತಿನಿಂದ ಅಮ್ಮನಿಗೆ ಉರುಕುಂದಿ ಇಲ್ಲದೆ ಒಂದು ಸೌಟನ್ನೂ ಕೊಳ್ಳಲಾಗದು. ಮಧ್ಯಾಹ್ನ ಊಟದ ಮೇಲೆ ಹಿತ್ತಿಲ ಕಟ್ಟೆಯ ಆ ತುದಿಗೆ ಅಮ್ಮ, ಈ ತುದಿಗೆ ಆಕೆ. ನಡುವೆ ಬೇರೆ ಬೇರೆ ಅಡಿಕೆ ಎಲೆ ತಟ್ಟೆ. ಒಬ್ಬರು ದೇವರ ಕಥೆ ಹೇಳುವರು, ಇನ್ನೊಬ್ಬರು ಕೊಯಮತ್ತೂರಿನ ಕಥೆ ಹೇಳುವರು. ಅಮ್ಮ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗ್ರೈಂಡರ್ ನಿಲ್ಲಿಸಿದಾಗೆಲ್ಲ ಆ ನಗು ಕೇಳುತ್ತಿತ್ತು, ಈಗಲೂ ಷೆಡ್ಡಿಗೆ ಹೋದರೆ ಅದೇ ಮೊದಲು ನೆನಪಾಗುತ್ತದೆ.

ಅಮ್ಮ ನಗದವಳಾಗಿದ್ದಕ್ಕೆ ಕಾರಣ ಇತ್ತು. ನನಗಿಂತ ದೊಡ್ಡವನೊಬ್ಬ ಇದ್ದ, ಅನಂತ. ಹನ್ನೊಂದು ವರ್ಷದವನಿದ್ದಾಗ, ಅಮ್ಮ ತವರಿನಲ್ಲಿದ್ದಾಗ, ಅಭಿಷೇಕಕ್ಕೆ ಕೃಷ್ಣೆಯ ನೀರೇ ಬೇಕೆಂದು ತಂಬಿಗೆ ಕೊಟ್ಟು ಹೊಳೆಗೆ ಕಳಿಸಿದಳು. ತಂಬಿಗೆ ದಡದಲ್ಲಿ ಸಿಕ್ಕಿತು, ಹುಡುಗ ಮಾರನೆಯ ದಿನ ಸಿಕ್ಕ. ದೇವರ ಕೆಲಸಕ್ಕೆ ತಾನೇ ಕೈಯಾರೆ ಕಳಿಸಿದೆ ಎಂಬುದನ್ನು ಅಮ್ಮ ನನ್ನೆದುರು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವಳಲ್ಲ. ಕಟ್ಟೆಯ ಮೇಲೆ ಕುಳಿತು ಉರುಕುಂದಮ್ಮನಿಗೆ ಹೇಳಿದ್ದಳು.

ಎರಡು ಸಾವಿರದ ಹನ್ನೊಂದರ ಮಾಘದಲ್ಲಿ ಹೊಸ ಕಾರು ತಯಾರಾಗಿತ್ತು. ನಾನು ಕಟ್ಟಿದ್ದರಲ್ಲೆಲ್ಲ ಅತ್ಯುತ್ತಮವಾದದ್ದು. ಮುಂದಿನ ಚಕ್ರಗಳ ತೋಳನ್ನು ಪಂಜರಕ್ಕೆ ಹಿಡಿಯುವ ಎಂಟು ಬೋಲ್ಟು ಮಾತ್ರ ಬಾಕಿ. ಅವನ್ನು ಉರುಕುಂದಮ್ಮ ಕೊಯಮತ್ತೂರಿನ ತನ್ನ ಹಳೆಯ ಮೇಸ್ತ್ರಿಗೆ ಫೋನು ಮಾಡಿಸಿ ತರಿಸಿದ್ದಳು. ಬಹಳ ಗಟ್ಟಿ ಉಕ್ಕಿನವು, ಮೈಯೆಲ್ಲ ಕಾಡಿಗೆಯ ಕಪ್ಪು. ಒಂದೊಂದನ್ನೂ ನೋಡಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಹೊಲದ ಕೆಲಸಕ್ಕೆಂದು ನಾಲ್ಕು ದಿನ ಮಾಗನೂರಿಗೆ ಹೋದಳು. ಪಂದ್ಯ ಭಾನುವಾರ ಇತ್ತು.

ಅವಳಿಲ್ಲದ ಆ ನಾಲ್ಕು ದಿನದಲ್ಲಿ ಅಮ್ಮ ಆ ಗಂಟು ಬಿಚ್ಚಿ ನೋಡಿದಳು. ಮಗನ ಜೀವ ಹಿಡಿಯುವ ಸಾಮಾನು ಇಷ್ಟು ಕಪ್ಪಗಿರುವುದು ಅವಳಿಗೆ ಸರಿಬರಲಿಲ್ಲ. ನಮ್ಮ ಮನೆಯಲ್ಲಿ ಕಲಾಯಿ ಹಾಕಿಸದ ಹಿತ್ತಾಳೆ ಪಾತ್ರೆ ಒಲೆ ಏರುವಂತಿಲ್ಲ. ಕಲಾಯಿ ಇಲ್ಲದಿದ್ದರೆ ಹುಳಿ ಕಿಲುಬು ಹಿಡಿದು ವಿಷವಾಗುತ್ತದೆ. ಲೋಹಕ್ಕೆ ಕಲಾಯಿ ಎಂದರೆ ರಕ್ಷೆ ಎಂದೇ ಅವಳ ತಿಳಿವಳಿಕೆ, ಪಾತ್ರೆಯ ಮಟ್ಟಿಗೆ ಅದು ನಿಜವೂ ಹೌದು. ನನಗೆ ಹೇಳದೆ, ಬಸ್ಸು ಹಿಡಿದು, ಜೂರಾಲ ಡ್ಯಾಂ ದಾಟಿ ಗದ್ವಾಲಕ್ಕೆ ಹೋದಳು. ಕಲಾಯಿಯವನು ಬೋಲ್ಟು ನನ್ನ ಕೆಲಸವಲ್ಲ ಎಂದು ಸೈಕಲ್ ಹ್ಯಾಂಡಲ್ಲಿಗೂ ದೇವರ ದೀಪಕ್ಕೂ ನಿಕಲ್ ಹಾಕುವ ಇನ್ನೊಬ್ಬನ ಕಡೆ ಕಳಿಸಿದನಂತೆ. ಬುಧವಾರ ಬೆಳಗ್ಗೆ ಪೂಜೆ ಮುಗಿಸಿ, ಹರಿವಾಣದಲ್ಲಿ ಎಂಟು ಬೋಲ್ಟು ಇಟ್ಟು ನನ್ನ ಮುಂದೆ ಹಿಡಿದಳು. ಕನ್ನಡಿಯಂತೆ ಹೊಳೆಯುತ್ತಿದ್ದವು. ಪ್ರತಿಯೊಂದರ ತಲೆಯ ಕುಳಿಯಲ್ಲಿ ಕುಂಕುಮ. ನನಗೂ ಚೆಂದ ಕಂಡವು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಉರುಕುಂದಮ್ಮ ಬಂದಳು. ಹರಿವಾಣ ನೋಡಿದವಳೇ ಯಾರು ಮಾಡಿಸಿದ್ದೆಂದು ಕೇಳಿದಳು. ಅಮ್ಮ ಎಂದೆ. ಆಮೇಲೆ ನನ್ನನ್ನು ಷೆಡ್ಡಿನ ಹಿಂದಕ್ಕೆ ಕರೆದು, ಇವನ್ನು ಹಾಕಬೇಡಿ ಎಂದಳು.

ನಾನು ಆಕೆಯೇ ಕಲಿಸಿದ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಮಾಡಿ ತೋರಿಸಿದೆ. ಬಡಿದೆ, ದನಿ ಸರಿಯಾಗಿತ್ತು. ಅಳೆದೆ, ಅಳತೆ ಸರಿಯಾಗಿತ್ತು. ಉಗುರು ಎಳೆದೆ, ಎಳೆಗಳು ಸರಿಯಾಗಿದ್ದವು. ಏನು ಕೆಟ್ಟಿದೆ ಹೇಳು ಎಂದೆ.

"ನನ್ನ ಕಿವೀಗೂ ಏನೂ ಕೇಳವಲ್ದು, ಕೈಗೂ ಏನೂ ಹತ್ತವಲ್ದು," ಎಂದಳು. "ಆದ್ರ ಕೊಯಮತ್ತೂರಾಗ ಒಮ್ಮೆ ಹಿಂಗ ಮಿಂಚೋ ಬೋಲ್ಟು ಬಂದಿದ್ವು. ಬಿಗಿದು ಮನೀಗೆ ಹೋಗಿದ್ವಿ. ಮರುದಿನ ಬಂದು ನೋಡಿದ್ರ ತಲಿ ಕಡಕೊಂಡು ನೆಲದ ಮ್ಯಾಲ ಬಿದ್ದಿದ್ವು. ತೇಜಾಬಿನಾಗ ಅದ್ದತಾರಲ್ರಿ, ಅದು ಒಳಗ ಹೋಗಿ ಕುಂದರತೈತಿ ಅಂತಿದ್ದ ಮೇಸ್ತ್ರಿ. ಎರಡು ದಿನ ಕೊಡ್ರಿ, ಎರಡು ಬೋಲ್ಟು ಬಿಗಿದು ಇಟ್ಟು ನೋಡೂಣು."

ಎರಡು ದಿನ ಎಲ್ಲಿಂದ ತರಲಿ? ಶುಕ್ರವಾರ ಕಾರು ಲಾರಿಗೇರಬೇಕು. ಅಷ್ಟಲ್ಲದೆ, ನೋಡಿದರೆ ಕಾಣದ, ಬಡಿದರೆ ಕೇಳದ ರೋಗ ಯಾವುದೆಂದು ನನಗೆ ನಗು ಬಂತು. ಕಿವಿಗೆ ವಯಸ್ಸಾಯಿತು ಅನ್ನು, ಒಪ್ಪುತ್ತೇನೆ ಎಂದು ಗೇಲಿ ಮಾಡಿದೆ. ಅಷ್ಟು ಖಾತ್ರಿ ಇದ್ದರೆ ಅಮ್ಮನ ಮುಂದೆಯೇ ಹೇಳು ಬಾ ಎಂದೆ. ಆಕೆ ಬರಲಿಲ್ಲ. ನಾಳೆ ಬೆಳಗ್ಗೆ ಬೋಲ್ಟು ಹಾಕುವುದು ಎಂದು ಹೇಳಿ ಮಾತು ಮುಗಿಸಿದೆ.

ಗುರುವಾರ ಬೆಳಗ್ಗೆ ಅಮ್ಮ ಕಾರಿಗೆ ಒಡೆಯಲು ತೆಂಗಿನಕಾಯಿ ಹಿಡಿದು ಬಂದು ನಿಂತಿದ್ದಳು. ವೆಲ್ಡಿಂಗ್ ಮಾಡುವ ಕೊಟ್ರೇಶ ಚಕ್ರದ ತೋಳು ಹಿಡಿದುಕೊಂಡು ಕೂತಿದ್ದ. ಕಪಾಟು ತೆರೆದರೆ ಹರಿವಾಣ ಖಾಲಿ. ಕೀಲಿಕೈ ಇರುವುದು ಉರುಕುಂದಮ್ಮನ ಸೊಂಟದಲ್ಲಿ. ಎಲ್ಲರೂ ಆಕೆಯ ಕಡೆ ನೋಡಿದೆವು.

"ಕಳದೋಗ್ಯಾವ್ರಿ. ನಂದೇ ತಪ್ಪು," ಎಂದಳು.

ನನಗೆ ಗೊತ್ತಿತ್ತು, ಕಳೆದಿಲ್ಲ. ಬೇಕೆಂತಲೇ ಬಚ್ಚಿಟ್ಟಿದ್ದಾಳೆ, ಹಟ ಸಾಧಿಸುತ್ತಿದ್ದಾಳೆ ಎಂದುಕೊಂಡೆ. ಎಲ್ಲಿಟ್ಟಿದ್ದೀಯ ಎಂದು ಕೂಗಾಡಿದೆ. ಕಳೆದುಹೋದವು ಎಂಬ ಮಾತು ಬಿಟ್ಟು ಬೇರೆ ಬರಲಿಲ್ಲ. ಹಿಂದಿನ ದಿನದ ಜಗಳದ ಸೊಲ್ಲನ್ನೇ ಎತ್ತಲಿಲ್ಲ. ಆಗ ನನ್ನ ಬಾಯಿಂದ ಆ ಮಾತು ಬಂತು. ಕೊಟ್ರೇಶನ ಮುಂದೆ, ಅಮ್ಮನ ಮುಂದೆ, "ಯಾರಿಗೆ ಮಾರಿದಿ?" ಎಂದೆ. ಆಕೆ ಮಾರುವವಳಲ್ಲ ಎಂದು ನನಗೆ ಗೊತ್ತಿದ್ದೂ ಅಂದೆ. ನೋಯಿಸಬೇಕು ಎಂದೇ ಅಂದೆ.

ಅಮ್ಮ ಕೂಗಲಿಲ್ಲ. ತೆಂಗಿನಕಾಯಿ ಕೆಳಗಿಟ್ಟಳು. "ದೇವರ ಮುಂದ ಇಟ್ಟ ಸಾಮಾನದು, ಉರುಕುಂದಿ," ಎಂದಳು. "ನೀ ಇನ್ನ ನನ್ನ ಕಣ್ಣಿಗೆ ಬೀಳಬ್ಯಾಡ."

ಉರುಕುಂದಮ್ಮ ಕೀಲಿಕೈ ಬಿಚ್ಚಿ ಬೆಂಚಿನ ಮೇಲಿಟ್ಟಳು. ಅಮ್ಮನಿಗೆ ದೂರದಿಂದ ಕೈಮುಗಿದು ಆಶಪ್ಪನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕೊಟ್ರೇಶನ ಬಾಯಿಗೆ ಬಾಗಿಲಿಲ್ಲ. ಸಂಜೆಯೊಳಗೆ ಮಖ್ತಲ್‌ನಿಂದ ಉಟ್ಕೂರಿನವರೆಗೆ ಎಲ್ಲ ವರ್ಕ್‌ಶಾಪಿಗೂ ಸುದ್ದಿ ಮುಟ್ಟಿತ್ತು.

ಪಂದ್ಯಕ್ಕೆ ಹೋಗಲಾಗಲಿಲ್ಲ. ಶುಕ್ರವಾರ ಷೆಡ್ಡಿನ ಬಾಗಿಲೇ ತೆಗೆಯಲಿಲ್ಲ. ಶನಿವಾರ ಮಧ್ಯಾಹ್ನ ಒಬ್ಬನೇ ಹೋಗಿ ಆ ಅರೆಬರೆ ಕಾರಿನ ಮುಂದೆ ಕುಳಿತು ಉರುಕುಂದಮ್ಮನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಬೆಂಚಿನ ಕೆಳಗೆ ಟಕ್ಕೆಂದಿತು. ಇಲಿ ಇರಬೇಕೆಂದು ಬಗ್ಗಿ ನೋಡಿದೆ. ಗೋಡೆಗೆ ಒತ್ತಿ, ಗೋಣಿಚೀಲ ಮುಚ್ಚಿ, ಒಂದು ದಪ್ಪ ಕಬ್ಬಿಣದ ಹಲಗೆ ಇಟ್ಟಿತ್ತು. ಅದಕ್ಕೆ ಎರಡು ಬೋಲ್ಟು ಪೂರ್ತಿ ಬಲ ಹಾಕಿ ಬಿಗಿದಿದ್ದವು. ಒಂದರ ತಲೆ ಇರಲಿಲ್ಲ. ಚೀಲ ಸರಿಸಿದರೆ ತಲೆ ನೆಲದಲ್ಲಿ ಬಿದ್ದಿತ್ತು, ಕುಳಿಯಲ್ಲಿ ಕುಂಕುಮ ಹಾಗೇ ಇತ್ತು. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು. ಇನ್ನೊಂದಕ್ಕೆ ಬೋಲ್ಟು ತಿರುಗಿಸುವ ಕೀಲಿ ಸುಮ್ಮನೆ ತಾಗಿಸಿದೆ. ಅದರ ತಲೆಯೂ ಕೈಗೆ ಬಂತು.

ಗುರುವಾರ ಬಿಗಿದಿದ್ದರೆ ಶುಕ್ರವಾರ ಲಾರಿ ಏರಿಸುವಾಗ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಭಾನುವಾರ ಎಂಬತ್ತು ಕಿಲೋಮೀಟರ್ ವೇಗದಲ್ಲಿ ತಿರುವು ತೆಗೆಯುವಾಗ ಚಕ್ರವೇ ಕಳಚಿ ಹೋಗುತ್ತಿತ್ತು. ಆಮೇಲೆ ರಾಯಚೂರಿನ ಕಾಲೇಜಿನ ನನ್ನ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ: ನಿಕಲ್ ಹಾಕುವ ಮೊದಲು ತೇಜಾಬಿನಲ್ಲಿ, ಅಂದರೆ ಆಮ್ಲದಲ್ಲಿ, ಅದ್ದುತ್ತಾರೆ, ಗಟ್ಟಿ ಉಕ್ಕು ಅದರಿಂದ ಜಲಜನಕ ಹೀರಿ ಒಳಗೊಳಗೇ ಪೆಡಸಾಗುತ್ತದೆ. ಕೂಡಲೇ ಒಲೆಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿದರೆ ಅದು ಹೋಗುತ್ತದೆಯಂತೆ. ಸೈಕಲ್ ಹ್ಯಾಂಡಲ್ಲಿಗೆ ನಿಕಲ್ ಹಾಕುವವನಿಗೆ ಅದನ್ನೆಲ್ಲ ಮಾಡುವ ಗರಜೇ ಬಿದ್ದಿರುವುದಿಲ್ಲ. ಅವನದೂ ತಪ್ಪಲ್ಲ, ಅಮ್ಮನದೂ ತಪ್ಪಲ್ಲ.

ಭಾನುವಾರ ಪಂದ್ಯ ನಡೆಯುವ ಹೊತ್ತಿಗೆ ನಾನು ಮಾಗನೂರಿನಲ್ಲಿದ್ದೆ. ಉರುಕುಂದಮ್ಮ ಅಂಗಳದಲ್ಲಿ ಶೇಂಗಾ ಒಣಹಾಕುತ್ತಿದ್ದಳು. ಮುರಿದ ತಲೆ ಎರಡೂ ಆಕೆಯ ಮುಂದಿಟ್ಟು ಕಾಲಿಗೆ ಬೀಳಲು ಹೋದೆ. ಬ್ರಾಹ್ಮಣ ಬಿದ್ದರೆ ತನಗೆ ಪಾಪ ಎಂದು ಹಿಂದೆ ಸರಿದಳು. ಉಳಿದ ಆರನ್ನು ಏನು ಮಾಡಿದೆ ಎಂದರೆ, ಹಾಳು ಬಾವಿಗೆ ಹಾಕಿದೆ, ಯಾರ ಕೈಗೂ ಸಿಗಬಾರದು ಎಂದಳು. ನಡಿ, ಈಗಲೇ ಅಮ್ಮನಿಗೆ ಹೇಳೋಣ, ಊರಿಗೆಲ್ಲ ಹೇಳೋಣ ಎಂದೆ.

"ಏನಂತ ಹೇಳ್ತೀರಿ?" ಎಂದಳು. "ಒಬ್ಬ ಮಗನ್ನ ದೇವರ ನೀರಿಗೆ ಅಂತ ಕಳಿಸಿದ್ರು, ಬರಲಿಲ್ಲ. ಇನ್ನೊಬ್ಬನ್ನೂ ದೇವರ ಹೆಸರ ಮ್ಯಾಲ ತಾವೇ ಕಳಸಾಕ ಹೊಂಟಿದ್ರು ಅಂತ ಹೇಳ್ತೀರೇನು? ಆ ಜೀವ ಉಳೀತೈತೇನ್ರಿ? ಊರಾಗ ಒಬ್ಬರ ಕಿವೀಗೆ ಬಿದ್ರೂ ಅವರಿಗೆ ಮುಟ್ಟತೈತಿ. ಅಮ್ಮಾರು ಇರೋತನಕ ಹೇಳಂಗಿಲ್ಲ. ಮಾತು ಕೊಡ್ರಿ."

ಮಾತು ಕೊಟ್ಟೆ. ಕೊಡುವಾಗ ಅದೇನು ದೊಡ್ಡದು ಎನ್ನಿಸಿರಲಿಲ್ಲ. ಅದರ ಭಾರ ಹೊತ್ತವಳು ಆಕೆ, ನಾನಲ್ಲ.

ರಾಯಚೂರಿನ ಒಂದು ಪೈಪು ಗೋದಾಮಿನಲ್ಲಿ ಕೆಲಸ ಕೇಳಲು ಹೋದಳು. ಆಕೆಯ ಕೈಯ ಬಗ್ಗೆ ಅವರಿಗೆ ಗೊತ್ತಿತ್ತು, ಆದರೆ ಬೋಲ್ಟಿನ ಸುದ್ದಿಯೂ ಗೊತ್ತಿತ್ತು. ಸ್ಟೋರಿನಲ್ಲಿ ಸಾಮಾನು ಕಳೆಯುವವಳನ್ನು ಹೇಗೆ ಇಟ್ಟುಕೊಳ್ಳುವುದು ಎಂದು ಕಳಿಸಿಬಿಟ್ಟರು. ಆಮೇಲೆ ಆಕೆ ಕಬ್ಬಿಣದ ಕೆಲಸ ಎಲ್ಲೂ ಕೇಳಲಿಲ್ಲ. ಹತ್ತಿ ಬಿಡಿಸಿದಳು, ಕಳೆ ಕಿತ್ತಳು. ನಾನು ಕದ್ದುಮುಚ್ಚಿ ಪೈಪಿನ ತುಂಡು, ಬೋಲ್ಟುಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಾಗನೂರಿಗೆ ಹೋಗುತ್ತಿದ್ದೆ. ಅಂಗಳದಲ್ಲಿ ಕೋಳಿಗಳ ನಡುವೆ ಕುಳಿತು ಬಡಿದು ನೋಡಿ ಆರಿಸಿ ಕೊಡುತ್ತಿದ್ದಳು. ಪ್ರತಿ ಸಲವೂ ಮೊದಲ ಪ್ರಶ್ನೆ ಒಂದೇ, ಅಮ್ಮಾರು ಹೆಂಗದಾರ. ಆಶಪ್ಪ ತೀರಿಕೊಂಡಾಗ ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು, ಆದರೆ ಹೋಗೋಣ ಎನ್ನಲಿಲ್ಲ. ಎಷ್ಟೋ ಸಲ ಹೇಳಿಬಿಡೋಣ ಎಂದು ಅಮ್ಮನ ಎದುರು ಕುಳಿತಿದ್ದೇನೆ. ಅನಂತನ ಶ್ರಾದ್ಧದ ದಿನ ಅಮ್ಮ ಎಲೆ ಬಡಿಸುವುದನ್ನು ನೋಡಿ, ಹೇಳದೆ ಎದ್ದು ಷೆಡ್ಡಿಗೆ ಹೋಗಿಬಿಡುತ್ತಿದ್ದೆ.

ಹೋದ ಕಾರ್ತೀಕದಲ್ಲಿ ಅಮ್ಮ ಹೋದಳು. ಎಂಬತ್ತೆಂಟು ವರ್ಷ ಆಗಿತ್ತು. ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಮಾಗನೂರಿಗೆ ಹೋದೆ. ಸುದ್ದಿ ಆಕೆಗೆ ಮುಟ್ಟಿತ್ತು. ಎಪ್ಪತ್ತು ದಾಟಿದ ಹೆಂಗಸು, ಬಾಗಿಲ ಕಂಬಕ್ಕೆ ಒರಗಿ ಕುಳಿತಿದ್ದಳು. ಕೊನೆಯ ದಿನಗಳು ಹೇಗಿದ್ದವು, ಏನು ಉಣ್ಣುತ್ತಿದ್ದರು, ನೋವು ಇತ್ತೇ ಎಂದೆಲ್ಲ ಕೇಳಿದಳು. ಹೇಳಿದೆ. ಇನ್ನು ನನ್ನ ಮಾತು ಮುಗಿಯಿತು, ನಾಳೆಯಿಂದ ಮಖ್ತಲ್‌ನಲ್ಲಿ ಒಬ್ಬೊಬ್ಬರನ್ನೂ ಹಿಡಿದು ನಿಲ್ಲಿಸಿ ನಿಜ ಹೇಳುತ್ತೇನೆ, ಬರೆದೂ ಇಡುತ್ತೇನೆ ಎಂದೆ.

"ಹೇಳ್ರಿ," ಎಂದಳು. "ಆದ್ರ ನಾ ಕಳ್ಳಿ ಅಲ್ಲ ಅಂತ ಕೇಳಬೇಕಾದೋರು ಒಬ್ರೇ ಇದ್ರು, ಆಚಾರ್ರೆ. ಅವರಿಗೇ ಹೇಳಂಗಿರಲಿಲ್ಲ."

ಆಮೇಲೆ, ಒಂದು ಮಾತು ಕೇಳುತ್ತೇನೆ, ಖರೇ ಹೇಳಬೇಕು ಎಂದಳು. ಅಮ್ಮನಿಗೆ ಕೊನೆಗೂ ತನ್ನ ಮೇಲೆ ಸಿಟ್ಟಿತ್ತೇ?

ಇಲ್ಲ ಎನ್ನುವುದು ಸುಲಭವಿತ್ತು. ಆಕೆಗೆ ಇನ್ನೊಂದು ಸುಳ್ಳು ಕೊಡಲು ನನಗೆ ಮನಸ್ಸಾಗಲಿಲ್ಲ. ಇತ್ತು ಎಂದೆ. ಸಾಯುವ ವಾರದಲ್ಲೂ, ಯಾರ ಗುರುತೂ ಸಿಗದಾಗಲೂ, ಉರುಕುಂದಿ ಉರುಕುಂದಿ ಎಂದು ಹೆಸರು ಹಿಡಿದು ಬೈಯುತ್ತಿದ್ದಳು ಎಂದೆ.

ಉರುಕುಂದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಏನಂತ ಬೈತಿದ್ರು?" ಎಂದಳು. "ಅವರು ಅಂದಂಗ ಅನ್ರಿ."

ನಾನು ಅಮ್ಮನ ದನಿಯಲ್ಲೇ ಹೇಳಿದೆ. "ಬೋಲ್ಟು ಕಳಕೊಂಡ್ರ ಕಳಕೊಂಡಿ, ನಾ ಒಂದು ಸಿಟ್ಟಿನಾಗ ಅಂದೆ. ಅಂದ್ರ ಬರೋದೇ ಬಿಟ್ಟುಬಿಡೋದಾ ಉರುಕುಂದಿ? ಒಮ್ಮೆ ಬಂದು ಮಾರಿ ತೋರಸಬಾರದಾ?"

ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಮೂರನೆಯ ಸಲ ಹೇಳುವಾಗ ಆಕೆ ಕಣ್ಣು ಮುಚ್ಚಿಕೊಂಡು, ಅಮ್ಮ ಎದುರಿಗೇ ಕುಳಿತಿರುವಂತೆ, ಬಂದೆ ಅಮ್ಮಾರ, ಬಂದೆ ಎಂದು ಸಣ್ಣಗೆ ಅನ್ನುತ್ತಿದ್ದಳು.